ಮಗುವಿನ ಮನಸ್ಸು ಯಾರ ಅಮಾನತ್ತು?

ಬೆಂಗಳೂರು-ಮೈಸೂರು ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣವನ್ನು ದಾಟಿದೊಡನೆ ಸಿಗುವ ದೊಡ್ಡಮಳೂರು ಒಂದು ವಿಶೇಷ ಕಾರಣಕ್ಕಾಗಿ ನಾಡಿಗೆಲ್ಲ ಪರಿಚಿತವಾಗಿದೆ. ಅಲ್ಲಿನ ಅಪ್ರಮೇಯ ಸ್ವಾಮಿ ದೇವಾಲಯದ ಅಂಬೆಗಾಲು ಕೃಷ್ಣನ ಸನ್ನಿಧಿಗೆ ಮಕ್ಕಳಿಲ್ಲದ ದಂಪತಿಗಳು ದೂರದೂರುಗಳಿಂದ ಬಂದು ಹರಕೆ ಹೊರುತ್ತಾರೆ, ಪುಟ್ಟ ಪುಟ್ಟ ತೊಟ್ಟಿಲುಗಳನ್ನು ಅರ್ಪಿಸುತ್ತಾರೆ. ಪಕ್ಕದ ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ, ಲೋಕದ ಮಕ್ಕಳಿಗೆಲ್ಲ ಆಟಿಕೆ ಮಾಡುವ ಕುಶಲಕರ್ಮಿಗಳಿದ್ದಾರೆ. ಟಿಪ್ಪು ಸುಲ್ತಾನರ ಪೋಷಣೆಯಲ್ಲಿ ಬೆಳೆಯಿತೆಂದು ಹೇಳಲಾಗುವ ಈ ಕಸುಬಿನಲ್ಲಿ ನಮ್ಮ ಸಮುದಾಯದ ಅನೇಕ ಕುಟುಂಬಗಳು ತಲೆಮಾರುಗಳಿಂದ ದುಡಿಯುತ್ತಿವೆ. ಒಂದು ಕಡೆ ಮಗು ಬೇಕೆಂಬ ಹಂಬಲ, ಇನ್ನೊಂದು ಕಡೆ ಮಗು ನಗಲೆಂಬ ದುಡಿಮೆ. ನಂಬಿಕೆಗಳು ಬೇರೆಯಾಗಿರಬಹುದು, ಹಂಬಲ ಬೇರೆಯಲ್ಲ. ಆದರೆ ಬೇಡಿ ಪಡೆದ ಮಗು ನಮ್ಮ ಮನೆಗೆ ಬಂದ ಮೇಲೆ ಅದರ ಮನಸ್ಸನ್ನು ನಾವು ಹೇಗೆ ನೋಡಿಕೊಳ್ಳುತ್ತಿದ್ದೇವೆ? ಈ ವಾರ ನಾವು ಓದುಗರ ಮುಂದೆ ಇಡಬಯಸುವುದು ಈ ಪ್ರಶ್ನೆಯನ್ನೇ.

ಈ ಭಾಗದ ಯಾವುದೇ ಪಟ್ಟಣದ ಮೊಹಲ್ಲಾದಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ನಿಂತು ನೋಡಿದರೆ ಟೈ ಕಟ್ಟಿದ, ಬೆನ್ನಿಗೆ ಚೀಲ ಹೊತ್ತ ಮಕ್ಕಳು ಆಟೋಗಳಲ್ಲಿ, ಶಾಲಾ ವ್ಯಾನುಗಳಲ್ಲಿ ಒತ್ತೊತ್ತಾಗಿ ಕುಳಿತು ಹೋಗುವುದು ಕಾಣುತ್ತದೆ. ಇದು ಸಣ್ಣ ಬದಲಾವಣೆಯಲ್ಲ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯು ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿರುವ ಮಕ್ಕಳ ಕುರಿತು ವರದಿ ಹೊರತಂದಾಗ, ಅದರಲ್ಲಿ ಕರ್ನಾಟಕದ ರೇಷ್ಮೆ ಸೀಮೆಯ ಕಥೆಯೂ ಇತ್ತು. ಕುದಿನೀರಿನ ಬಾಣಲೆಯಲ್ಲಿ ಗೂಡು ಹಿಡಿದು ಬೆರಳು ಬೆಂದ ಮಕ್ಕಳಲ್ಲಿ ನಮ್ಮವರೂ ಇದ್ದರು, ಆ ಘಟಕಗಳ ಯಜಮಾನರಲ್ಲಿಯೂ ನಮ್ಮವರಿದ್ದರು. 2006ರ ಸಾಚಾರ್ ಸಮಿತಿಯ ವರದಿಯು 6ರಿಂದ 14 ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ ಅಥವಾ ನಡುವೆಯೇ ಶಾಲೆ ಬಿಟ್ಟಿದ್ದಾರೆ ಎಂದು ಹೇಳಿತ್ತು. ಆ ಸ್ಥಿತಿಯಿಂದ ಹೊರಬಂದು, ಒಡವೆ ಅಡವಿಟ್ಟಾದರೂ ಮಕ್ಕಳನ್ನು ಓದಿಸಬೇಕೆಂಬ ಛಲವನ್ನು ನಮ್ಮ ತಾಯಂದಿರು ತೋರಿಸಿದ್ದಾರೆ. ಅವರಿಗೆ ಸಲ್ಲಬೇಕಾದ ಅಭಿನಂದನೆಯನ್ನು ಸಲ್ಲಿಸಿಯೇ ನಾವು ಮುಂದಿನ ಮಾತು ಹೇಳುತ್ತೇವೆ.

'ನಿಮ್ಮ ಮಗು ಎಲ್ಲಿ ಓದುತ್ತಿದೆ?' ಎಂದು ಕೇಳಿದರೆ 'ಕಾನ್ವೆಂಟಿನಲ್ಲಿ' ಎಂಬ ಉತ್ತರ ಬರುತ್ತದೆ. ನಮ್ಮ ಊರುಗಳಲ್ಲಿ ಈ ಪದಕ್ಕೆ ಇಂಗ್ಲಿಷ್ ಮಾಧ್ಯಮದ ಶಾಲೆ ಎಂಬುದಷ್ಟೇ ಅರ್ಥ. ಒಬ್ಬ ಗುತ್ತಿಗೆದಾರ ತನ್ನ ಮನೆಯ ಮಹಡಿಯಲ್ಲಿ ತೆರೆದ ಶಾಲೆಯೂ ಕಾನ್ವೆಂಟೇ. ವಾಸ್ತವದಲ್ಲಿ ಕಾನ್ವೆಂಟ್ ಎಂದರೆ ಕೆಥೋಲಿಕ್ ಸಂನ್ಯಾಸಿನಿಯರು ವಾಸಿಸುವ ಮಠ. ಆ ಮಠಗಳಿಗೆ ಹೊಂದಿಕೊಂಡು ಶಾಲೆಗಳು ಬೆಳೆದುದರಿಂದ ಪದದ ಅರ್ಥ ಹಿಗ್ಗಿತು. ಆದರೆ ಜನರು ಪದವನ್ನು ಎರವಲು ಪಡೆದಂತೆ ಅದರ ಹಿಂದಿನ ಸೇವೆಯ ಪರಂಪರೆಯನ್ನು ಎರವಲು ಪಡೆಯಲಿಲ್ಲ.

ಆ ಪರಂಪರೆ ಕನ್ನಡ ನಾಡಿನಲ್ಲಿ ಒಂದೂವರೆ ಶತಮಾನಕ್ಕೂ ಹಳೆಯದು. ಬೆಂಗಳೂರಿನ ಸಂತ ಜೋಸೆಫರ ವಿದ್ಯಾಸಂಸ್ಥೆ ಹುಟ್ಟಿದ್ದು 1858ರಲ್ಲಿ. ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣವನ್ನು ಕೈಗೆತ್ತಿಕೊಂಡರು. ಜೆಸ್ವಿತ್ ಪಾದ್ರಿಗಳು 1880ರಲ್ಲಿ ಅದೇ ನಗರದಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದರು. ಇಂದು ಹಳೆ ಮೈಸೂರಿನ ಪಟ್ಟಣಗಳ ಶಾಲೆಗಳಲ್ಲಿ ದುಡಿಯುವ ಭಗಿನಿಯರಲ್ಲಿ ಅನೇಕರು ಕರಾವಳಿಯ ಕೊಂಕಣಿ ಕುಟುಂಬಗಳಿಂದ ಬಂದವರು. 1784ರಲ್ಲಿ ಟಿಪ್ಪುವಿನ ಆಡಳಿತವು ಕರಾವಳಿಯ ಕೆಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ ನೋವಿನ ನೆನಪು ಆ ಕುಟುಂಬಗಳಲ್ಲಿ ಇಂದಿಗೂ ಇದೆ. ಅದನ್ನು ಮರೆಮಾಚುವುದರಿಂದ ನಮಗಾಗಲಿ ಇತಿಹಾಸಕ್ಕಾಗಲಿ ಒಳಿತಿಲ್ಲ. ಅಂಥ ನೆನಪನ್ನು ಹೊತ್ತ ಮನೆತನಗಳ ಹೆಣ್ಣುಮಕ್ಕಳೇ ಇಂದು ಟಿಪ್ಪುವಿನ ಹೆಸರಿಟ್ಟುಕೊಂಡ ನಮ್ಮ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸುತ್ತಿದ್ದಾರೆ ಎಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕಲ್ಲವೇ?

ಅಂಕಿಅಂಶಗಳೂ ಇದೇ ಮಾತನ್ನು ಹೇಳುತ್ತವೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ದೇಶದ ಧಾರ್ಮಿಕ ಅಲ್ಪಸಂಖ್ಯಾತರಲ್ಲಿ ಶೇ. 11.54ರಷ್ಟಿರುವ ಕ್ರೈಸ್ತರು ಒಟ್ಟು ಅಲ್ಪಸಂಖ್ಯಾತ ಶಾಲೆಗಳಲ್ಲಿ ಶೇ. 71.96ರಷ್ಟನ್ನು ನಡೆಸುತ್ತಿದ್ದಾರೆ. ಶೇ. 69.18ರಷ್ಟಿರುವ ಮುಸ್ಲಿಮರು ನಡೆಸುತ್ತಿರುವುದು ಶೇ. 22.75ರಷ್ಟನ್ನು ಮಾತ್ರ. ಕ್ರೈಸ್ತ ಶಾಲೆಗಳ ವಿದ್ಯಾರ್ಥಿಗಳಲ್ಲಿ ಶೇ. 74ರಷ್ಟು ಮಂದಿ ಕ್ರೈಸ್ತೇತರರು. ಆಯೋಗವು ಈ ಸಂಖ್ಯೆಗಳನ್ನು ಅಲ್ಪಸಂಖ್ಯಾತ ಶಾಲೆಗಳಿಗಿರುವ ವಿನಾಯಿತಿಗಳನ್ನು ಪ್ರಶ್ನಿಸಲು ಬಳಸಿತು. ನಮಗಾದರೋ ಅವು ಬೇರೊಂದು ಪಾಠವನ್ನು ಹೇಳುತ್ತವೆ. ಒಂದು ಸಣ್ಣ ಸಮುದಾಯವು ತನ್ನ ಮಕ್ಕಳಿಗಾಗಿ ಕಟ್ಟಿದ ಹಕ್ಕನ್ನು ಎಲ್ಲರ ಮಕ್ಕಳಿಗಾಗಿ ಬಳಸಿದೆ. ನಾವು ಮದುವೆಗಳಿಗೂ ಮಂಟಪಗಳಿಗೂ ಸುರಿದ ಹಣದಲ್ಲಿ ಎಷ್ಟು ಶಾಲೆಗಳನ್ನು ಕಟ್ಟಬಹುದಿತ್ತೆಂದು ನಾವೇ ಲೆಕ್ಕ ಹಾಕಿಕೊಳ್ಳಬೇಕು.

ಆದರೆ ಶಾಲೆ ಒಳ್ಳೆಯದಾದರೆ ಸಾಲದು, ಅದರಲ್ಲಿ ಮಗು ಚೆನ್ನಾಗಿರಬೇಕು. ಕೆಥೋಲಿಕ್ ಶಾಲೆಯನ್ನು ಮೆಚ್ಚಿಕೊಂಡ ನಮ್ಮ ಪೋಷಕರನ್ನು ಮೆಚ್ಚಿಗೆಯ ಕಾರಣ ಕೇಳಿದರೆ ಇಂಗ್ಲಿಷ್ ಮತ್ತು ಶಿಸ್ತು ಎಂಬ ಎರಡು ಮಾತುಗಳಾಚೆಗೆ ಹೆಚ್ಚಿನವರು ಹೋಗುವುದಿಲ್ಲ. ಆ ಶಾಲೆಗಳಲ್ಲಿ ಒಳ್ಳೆಯವೆನಿಸಿಕೊಂಡವುಗಳ ನಿಜವಾದ ಬಲ ಬೇರೆಡೆ ಇದೆ. ಗೇಟಿನ ಬಳಿ ನಿಂತು ಪ್ರತಿ ಮಗುವನ್ನೂ ಹೆಸರು ಹಿಡಿದು ಕರೆಯುವ ಮುಖ್ಯೋಪಾಧ್ಯಾಯಿನಿ, ಎರಡು ದಿನ ಬಾರದ ಮಗುವಿನ ಮನೆಗೆ ಹೇಳಿಕಳುಹಿಸುವ ತರಗತಿಯ ಶಿಕ್ಷಕಿ, ಊಟದ ಡಬ್ಬಿ ತಾರದ ಮಗುವನ್ನು ಇತರರಿಗೆ ತಿಳಿಯದಂತೆ ಪಕ್ಕಕ್ಕೆ ಕರೆದು ಉಣಿಸುವ ಆಯಾ - ಇವರಿಂದ ಶಾಲೆಯೊಂದು ಸಮುದಾಯವಾಗುತ್ತದೆ. ಎಲ್ಲ ಕೆಥೋಲಿಕ್ ಶಾಲೆಗಳೂ ಹೀಗಿವೆಯೆಂದು ನಾವು ಹೇಳುವುದಿಲ್ಲ. ಶುಲ್ಕದ ಬಾಕಿಗಾಗಿ ಮಗುವನ್ನು ತರಗತಿಯ ಹೊರಗೆ ನಿಲ್ಲಿಸುವ, ಕನ್ನಡ ಅಥವಾ ಉರ್ದು ಮಾತಾಡಿದ್ದಕ್ಕಾಗಿ ದಂಡ ಹಾಕುವ ಶಾಲೆಗಳು ಎಲ್ಲರಲ್ಲಿಯೂ ಇವೆ. ಹೀಗಿರುವಾಗ ನಾವು ಶಾಲೆಯನ್ನು ಆರಿಸುವಾಗ ನೋಡಬೇಕಾದುದು ಕಟ್ಟಡವನ್ನೋ ಫಲಿತಾಂಶದ ಫಲಕವನ್ನೋ ಅಲ್ಲ, ಅಳುವ ಮಗುವಿನ ಬಳಿ ಆ ಶಾಲೆಯಲ್ಲಿ ಯಾರು ಹೋಗುತ್ತಾರೆ ಎಂಬುದನ್ನು.

ಇನ್ನು ನಮ್ಮ ಹಿರಿಯರ ಮನಸ್ಸಿನಲ್ಲಿರುವ ಭಯದ ಮಾತು. ಒಂದನೇ ತರಗತಿಯ ಮಗು ಮನೆಗೆ ಬಂದು ಶಾಲೆಯಲ್ಲಿ ಕಲಿತ ಪ್ರಾರ್ಥನೆಯನ್ನು ಕೈಮುಗಿದು ಒಪ್ಪಿಸಿದಾಗ ದಾದಿಯ ಎದೆ ಧಸಕ್ಕೆನ್ನುವುದು ಅನೇಕ ಮನೆಗಳ ಅನುಭವ. ಆಗ ಏನಾಗುತ್ತದೆ? ಅಬ್ಬಾ ಮಗುವನ್ನು ಗದರಿಸುತ್ತಾರೆ. ಮಗುವಿಗೆ ತಾನು ಮಾಡಿದ ತಪ್ಪೇನೆಂದೇ ಅರ್ಥವಾಗುವುದಿಲ್ಲ. ಶಾಲೆಯಲ್ಲಿ ಒಪ್ಪಿಸದಿದ್ದರೆ ಅಲ್ಲಿ ಬೈಗುಳ, ಮನೆಯಲ್ಲಿ ಒಪ್ಪಿಸಿದರೆ ಇಲ್ಲಿ ಬೈಗುಳ. ಅಂದಿನಿಂದ ಅದು ಶಾಲೆಯ ಮಾತನ್ನು ಮನೆಯಲ್ಲಿ ಹೇಳುವುದನ್ನೇ ಬಿಟ್ಟುಬಿಡುತ್ತದೆ. ಪ್ರಾರ್ಥನೆಗಿಂತ ಹೆಚ್ಚಿನ ಅಪಾಯ ಈ ಮೌನದಲ್ಲಿದೆ. ನಾಳೆ ಯಾರಾದರೂ ಅದನ್ನು ಹೀಯಾಳಿಸಿದರೂ, ಹೊಡೆದರೂ, ಮುಟ್ಟಬಾರದಂತೆ ಮುಟ್ಟಿದರೂ ಅದು ನಮ್ಮ ಬಳಿ ಬಂದು ಹೇಳುವುದಿಲ್ಲ.

ಗದರಿಸುವ ಬದಲು ಮಾಡಬೇಕಾದುದು ತುಂಬ ಸರಳ. ನಮ್ಮ ಸಂವಿಧಾನದ 28ನೆಯ ವಿಧಿಯ ಮೂರನೆಯ ಖಂಡವು ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವುದೇ ಶಾಲೆಯಲ್ಲಿ, ಅಪ್ರಾಪ್ತ ಮಗುವಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಯಲ್ಲಿಯೋ ಆರಾಧನೆಯಲ್ಲಿಯೋ ಪಾಲ್ಗೊಳ್ಳುವಂತೆ ಒತ್ತಾಯಿಸಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ. ಕೆಥೋಲಿಕ್ ಶಾಲೆಗಳು ತಮ್ಮ ಮಕ್ಕಳಿಗೆ ಧರ್ಮೋಪದೇಶ ನಡೆಯುವ ಹೊತ್ತಿನಲ್ಲಿ ಇತರರಿಗೆ ನೀತಿಪಾಠ ಮಾಡುವ ಪದ್ಧತಿಯನ್ನು ಬಹಳ ಹಿಂದಿನಿಂದಲೂ ಇಟ್ಟುಕೊಂಡಿವೆ. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತ ಶಿಕ್ಷಣದ ಕುರಿತ ಘೋಷಣೆಯನ್ನೂ, ಮುಸ್ಲಿಮರೂ ಸೇರಿದಂತೆ ಇತರ ಧರ್ಮೀಯರನ್ನು ಗೌರವದಿಂದ ಕಾಣಬೇಕೆಂಬ ಘೋಷಣೆಯನ್ನೂ ಒಂದೇ ದಿನ ಹೊರಡಿಸಿತು. 2024ರ ಏಪ್ರಿಲ್‌ನಲ್ಲಿ ಭಾರತದ ಕೆಥೋಲಿಕ್ ಧರ್ಮಾಧ್ಯಕ್ಷರ ಮಂಡಳಿಯು ತನ್ನ ಶಾಲೆಗಳಿಗೆ ನೀಡಿದ ಮಾರ್ಗಸೂಚಿಯಲ್ಲಿ, ಅನ್ಯಧರ್ಮೀಯ ವಿದ್ಯಾರ್ಥಿಗಳ ಮೇಲೆ ಕ್ರೈಸ್ತ ಆಚರಣೆಗಳನ್ನು ಹೇರಬಾರದು, ಬೆಳಗಿನ ಸಭೆಯಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಓದಿಸಬೇಕು, ಸಾಧ್ಯವಿರುವಲ್ಲಿ ಸರ್ವಧರ್ಮ ಪ್ರಾರ್ಥನಾ ಸ್ಥಳವನ್ನು ಒದಗಿಸಬೇಕು ಎಂದು ಸೂಚಿಸಿತು. ಹೀಗಿರುವಾಗ ಒಬ್ಬ ತಂದೆಯು ಶಾಲೆಗೆ ಹೋಗಿ, 'ಸಿಸ್ಟರ್, ಪ್ರಾರ್ಥನೆಯ ವೇಳೆ ನಮ್ಮ ಮಗು ಸುಮ್ಮನೆ ನಿಂತಿರಲಿ, ದಯವಿಟ್ಟು ಬೈಯಬೇಡಿ' ಎಂದು ವಿನಯದಿಂದ ಕೇಳಿಕೊಂಡರೆ ಬಹುತೇಕ ಕಡೆಗಳಲ್ಲಿ ಅಲ್ಲಿಗೇ ವಿಷಯ ಮುಗಿಯುತ್ತದೆ. ಆದರೆ ಹೋಗುವವರು ಯಾರು?

ಪೋಷಕರ ಸಭೆಯ ದಿನ ನಮ್ಮ ತಂದೆಯರು ಕಡಸಲು ಯಂತ್ರದ ಮುಂದಿರುತ್ತಾರೆ, ಗೂಡಿನ ಮಾರುಕಟ್ಟೆಯಲ್ಲಿರುತ್ತಾರೆ, ಅಥವಾ ಕೊಲ್ಲಿ ರಾಷ್ಟ್ರದಲ್ಲಿರುತ್ತಾರೆ. ಅಮ್ಮಿ ಹೋಗುತ್ತಾರೆ. ಇಂಗ್ಲಿಷ್ ಬಾರದೆಂಬ ಸಂಕೋಚದಿಂದ ಕೊನೆಯ ಬೆಂಚಿನಲ್ಲಿ ಕುಳಿತು, ಅಂಕಪಟ್ಟಿಗೆ ಸಹಿ ಹಾಕಿ ಹಿಂತಿರುಗುತ್ತಾರೆ. ಶಿಕ್ಷಕಿಯರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಕನ್ನಡದಲ್ಲಿ ಕೇಳುವುದರಲ್ಲಿ ನಾಚಿಕೆಯೇನಿದೆ? 'ನನ್ನ ಮಗಳು ಯಾರ ಜೊತೆ ಆಡುತ್ತಾಳೆ? ಊಟದ ಹೊತ್ತಿನಲ್ಲಿ ಒಬ್ಬಳೇ ಕೂರುತ್ತಾಳೆಯೇ? ಇತ್ತೀಚೆಗೆ ಮಂಕಾಗಿದ್ದಾಳೆಯೇ?' - ಈ ಮೂರು ಪ್ರಶ್ನೆಗಳನ್ನು ಕೇಳಿದ ತಾಯಿಯು ಅಂಕಪಟ್ಟಿಯಲ್ಲಿ ಇಲ್ಲದುದನ್ನೆಲ್ಲ ತಿಳಿದುಕೊಂಡು ಬರುತ್ತಾಳೆ. ಇಡೀ ತರಗತಿಯಲ್ಲಿ ಒಬ್ಬನೇ ಮುಸ್ಲಿಮ್ ಹುಡುಗನಿದ್ದಾಗ, ಅವನ ಹೆಸರನ್ನು ಯಾರೋ ತಿರುಚಿ ಕರೆದಾಗ, ಟಿ.ವಿ.ಯಲ್ಲಿ ಕಂಡುದನ್ನು ಹಿಡಿದು ಸಹಪಾಠಿಯೊಬ್ಬ 'ನಿಮ್ಮವರು' ಎಂದು ಕೆಣಕಿದಾಗ, ಆ ಎಳೆಯ ಮನಸ್ಸಿಗಾಗುವ ಗಾಯ ಯಾವ ಪರೀಕ್ಷೆಯಲ್ಲಿಯೂ ಕಾಣದು.

ಶಾಲೆಯನ್ನು ಪ್ರಶ್ನಿಸುವ ಮೊದಲು ನಾವು ನಮ್ಮ ಮಗುವಿನ ಒಂದು ದಿನವನ್ನು ನೋಡೋಣ. ಅದು ಐದೂವರೆಗೆ ಏಳುತ್ತದೆ. ಆರೂವರೆಗೆ ಮಕ್ತಬ್, ಎಂಟು ಗಂಟೆಗೆ ಅಲ್ಲಿಂದ ಓಡಿಬಂದು ಅರ್ಧ ತಿಂಡಿ ತಿಂದು ವ್ಯಾನು ಹತ್ತುವುದು, ಒಂಬತ್ತರಿಂದ ಮೂರೂವರೆಯವರೆಗೆ ಶಾಲೆ, ಐದು ಗಂಟೆಗೆ ಟ್ಯೂಷನ್, ಮಗ್ರಿಬಿನ ಬಳಿಕ ಮತ್ತೆ ಸಬಕ್, ಆಮೇಲೆ ಹೋಂವರ್ಕ್. ಮಲಗುವಾಗ ಹತ್ತೂವರೆ. ಅಂದರೆ ನಿದ್ರೆ ಏಳು ತಾಸು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂಬತ್ತರಿಂದ ಹನ್ನೆರಡು ತಾಸು ನಿದ್ರೆ ಬೇಕೆಂದು ನಿದ್ರಾ ವೈದ್ಯತಜ್ಞರು ಹೇಳುತ್ತಾರೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಹಿಂದಿ, ಮಕ್ತಬಿನಲ್ಲಿ ಅರಬಿ - ಏಳು ವರ್ಷದ ಮಗು ಐದು ಭಾಷೆಗಳ ನಡುವೆ ಓಡಾಡುತ್ತಿರುತ್ತದೆ. 2019ರಲ್ಲಿ ಕರ್ನಾಟಕ ಸರಕಾರವು ಒಂದು ಮತ್ತು ಎರಡನೆಯ ತರಗತಿಯ ಮಗುವಿನ ಶಾಲಾ ಚೀಲ ಎರಡು ಕಿಲೋ ಮೀರಬಾರದೆಂದು ಆದೇಶಿಸಿತು. ಬೆನ್ನಿನ ಚೀಲವನ್ನು ತೂಕ ಮಾಡಬಹುದು, ಈ ದಿನಚರಿಯ ಭಾರವನ್ನು ಯಾರು ತೂಕ ಮಾಡುತ್ತಾರೆ? ಇದರಲ್ಲಿ ಆಟಕ್ಕೆ ಎಡೆಯೆಲ್ಲಿದೆ? ಗೊಂಬೆಗಳ ಊರಿನ ಮಗುವಿಗೇ ಆಡಲು ಸಮಯವಿಲ್ಲವೆಂದರೆ ಅದಕ್ಕಿಂತ ದೊಡ್ಡ ವಿಪರ್ಯಾಸವಿದೆಯೇ?

ಮಕ್ತಬನ್ನು ನಿಲ್ಲಿಸಬೇಕೆಂದು ನಾವು ಹೇಳುತ್ತಿಲ್ಲ. ನಾವು ಸ್ವತಃ ಮದ್ರಸದ ಚಾಪೆಯ ಮೇಲೆ ಕುಳಿತು ಕಲಿತವರು, ಆ ಋಣ ನಮ್ಮ ಮೇಲಿದೆ. ಆ ಋಣದಿಂದಾಗಿಯೇ ಇನ್ನೊಂದು ಮಾತನ್ನೂ ಹೇಳಬೇಕಾಗಿದೆ. ಬೆತ್ತದ ನೆನಪಿಲ್ಲದೆ ಮದ್ರಸವನ್ನು ನೆನೆಯಬಲ್ಲವರು ನಮ್ಮ ಪೀಳಿಗೆಯಲ್ಲಿ ಬಹಳ ಮಂದಿ ಇಲ್ಲ. 'ಮಾಂಸ ನಿಮ್ಮದು, ಎಲುಬು ನಮ್ಮದು' ಎಂದು ಹೇಳಿ ಮಗುವನ್ನು ಒಪ್ಪಿಸಿಬರುವ ತಂದೆಯರನ್ನು ನಾವು ಕಂಡಿದ್ದೇವೆ. ಅದೇ ತಂದೆ ಕಾನ್ವೆಂಟಿನಲ್ಲಿ ಟೀಚರ್ ಕಿವಿ ಹಿಂಡಿದರೆ ನಾಲ್ಕು ಜನರನ್ನು ಕಟ್ಟಿಕೊಂಡು ಹೋಗುತ್ತಾನೆ. ಏಟು ಯಾರ ಕೈಯಿಂದ ಬಿತ್ತೆಂಬುದರ ಮೇಲೆ ನೋವು ಬದಲಾಗುತ್ತದೆಯೇ?

ಕಾನೂನಿನ ಕಡೆಗೂ ಒಮ್ಮೆ ನೋಡಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆದರೆ 2012ರ ತಿದ್ದುಪಡಿಯ ಮೂಲಕ ಮದ್ರಸಗಳು, ವೇದ ಪಾಠಶಾಲೆಗಳು ಮತ್ತು ಮುಖ್ಯವಾಗಿ ಧಾರ್ಮಿಕ ಶಿಕ್ಷಣ ನೀಡುವ ಸಂಸ್ಥೆಗಳು ಆ ಕಾಯಿದೆಯಿಂದ ಹೊರಗುಳಿದವು. 2014ರ ಮೇ 6ರಂದು ಸುಪ್ರೀಮ್ ಕೋರ್ಟಿನ ಸಂವಿಧಾನ ಪೀಠವು ಪ್ರಮತಿ ಪ್ರಕರಣದ ತೀರ್ಪಿನಲ್ಲಿ, ಅನುದಾನಿತವಾಗಿರಲಿ ಅನುದಾನರಹಿತವಾಗಿರಲಿ, ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯಿದೆ ಅನ್ವಯಿಸದೆಂದು ಹೇಳಿತು. 2025ರ ಸೆಪ್ಟೆಂಬರ್ 1ರಂದು ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ವಿಸ್ತೃತ ಪೀಠದ ಪರಿಶೀಲನೆಗಾಗಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಇದರ ಅರ್ಥವೇನು? ನಮ್ಮ ಮಗು ಬೆಳಿಗ್ಗೆ ಹೋಗುವ ಮಕ್ತಬಾಗಲಿ, ಆಮೇಲೆ ಹೋಗುವ ಕೆಥೋಲಿಕ್ ಶಾಲೆಯಾಗಲಿ, ಎರಡೂ ಆ ಒಂದು ಕಲಮಿನ ನೇರ ನೆರಳಿನಿಂದ ಹೊರಗಿವೆ. ಹಾಗೆಂದು ಮಗು ಅನಾಥವಲ್ಲ. ಮಗುವಿನ ಮೇಲಿನ ಕ್ರೌರ್ಯವನ್ನು ಅಪರಾಧವೆನ್ನುವ 2015ರ ಬಾಲನ್ಯಾಯ ಕಾಯಿದೆಯೂ, ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯಿದೆಯೂ, 1098 ಎಂಬ ಮಕ್ಕಳ ಸಹಾಯವಾಣಿಯೂ ಎಲ್ಲ ಮಕ್ಕಳಿಗೂ ಇವೆ. ಆದರೂ, ಅಲ್ಪಸಂಖ್ಯಾತರ ಹಕ್ಕನ್ನು ಎದೆಯುಬ್ಬಿಸಿ ಕೇಳುವ ನಾವೂ ಕ್ರೈಸ್ತರೂ ಒಂದು ಪ್ರಶ್ನೆಗೆ ಉತ್ತರಿಸಬೇಕು: ಸಂವಿಧಾನದ 30ನೆಯ ವಿಧಿ ನಮಗೆ ಕೊಟ್ಟಿರುವುದು ಶಾಲೆಯನ್ನು ನಡೆಸುವ ಹಕ್ಕನ್ನೋ, ಮಗುವನ್ನು ಬಡಿಯುವ ಹಕ್ಕನ್ನೋ? ಕಾನೂನು ಬಂದು ನಮ್ಮ ಕೈಯಿಂದ ಬೆತ್ತ ಕಸಿದುಕೊಳ್ಳುವ ಮೊದಲೇ ನಾವೇ ಅದನ್ನು ಕೆಳಗಿಡುವುದು ಮರ್ಯಾದೆ.

ಎರಡೂ ಪರಂಪರೆಗಳು ಈ ವಿಷಯದಲ್ಲಿ ಬಡವಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಇಟಲಿಯಲ್ಲಿ ಬೀದಿಯ ಹುಡುಗರಿಗಾಗಿ ಬದುಕು ಸವೆಸಿದ ಕೆಥೋಲಿಕ್ ಪಾದ್ರಿ ಡಾನ್ ಬಾಸ್ಕೊ, ಶಿಕ್ಷಣವು ವಿವೇಕ, ಧರ್ಮ ಮತ್ತು ವಾತ್ಸಲ್ಯ ಎಂಬ ಮೂರು ಆಧಾರಗಳ ಮೇಲೆ ನಿಲ್ಲಬೇಕು, ಹೊಡೆತದ ಮೇಲಲ್ಲ ಎಂದು 1877ರಲ್ಲಿಯೇ ಬರೆದರು. ಅವರಿಗಿಂತ ಐನೂರು ವರ್ಷಗಳ ಹಿಂದೆ ನಮ್ಮ ಇಬ್ನ್ ಖಲ್ದೂನ್ ತಮ್ಮ 'ಮುಕದ್ದಿಮಾ'ದಲ್ಲಿ, ಕಠೋರ ಶಿಕ್ಷೆಯಿಂದ ಬೆಳೆದ ಮಗು ಆಲಸಿಯಾಗುತ್ತದೆ, ಏಟು ತಪ್ಪಿಸಿಕೊಳ್ಳಲು ಸುಳ್ಳನ್ನೂ ಕಪಟವನ್ನೂ ಕಲಿಯುತ್ತದೆ, ಕೊನೆಗೆ ಅದುವೇ ಅದರ ಸ್ವಭಾವವಾಗಿಬಿಡುತ್ತದೆ ಎಂದು ಎಚ್ಚರಿಸಿದ್ದರು. ಇವೆಲ್ಲಕ್ಕೂ ಮೊದಲು ಪ್ರವಾದಿವರ್ಯರ(ಸ) ಮಾದರಿ ಇದೆ. ನಮಾಝಿನಲ್ಲಿದ್ದಾಗ ಮಗುವಿನ ಅಳು ಕೇಳಿಸಿದರೆ ಆ ತಾಯಿಯ ಸಂಕಟವನ್ನು ನೆನೆದು ಅವರು ನಮಾಝನ್ನೇ ಚುಟುಕುಗೊಳಿಸುತ್ತಿದ್ದರು. ಹತ್ತು ವರ್ಷ ಅವರ ಸೇವೆಯಲ್ಲಿದ್ದ ಬಾಲಕ ಅನಸ್‌ರಿಗೆ(ರ) ಅವರಿಂದ ಒಂದು 'ಛೆ' ಎಂಬ ಮಾತೂ ಸಿಗಲಿಲ್ಲ. ಅನಸ್‌ರ ಪುಟ್ಟ ತಮ್ಮನ ಸಾಕುಹಕ್ಕಿ ಸತ್ತು ಅವನು ಬೇಸರದಲ್ಲಿದ್ದಾಗ, ಆ ಹಕ್ಕಿಯ ಹೆಸರೆತ್ತಿ ಮಾತಾಡಿಸಿ ಅವನನ್ನು ಸಂತೈಸಿದರು. ಒಂದು ಸಮುದಾಯವನ್ನೇ ಮುನ್ನಡೆಸುತ್ತಿದ್ದವರಿಗೆ ಒಂದು ಹಕ್ಕಿಗಾಗಿ ಅಳುವ ಮಗುವಿನ ಬಳಿ ಕೂರಲು ಸಮಯವಿತ್ತು. ನಮಗೆ ಇಲ್ಲವೇ?

ಇತ್ತೀಚಿನ ಎರಡು ಘಟನೆಗಳನ್ನು ಇಲ್ಲಿ ನೆನಪಿಸಿಕೊಳ್ಳುವುದು ಅಗತ್ಯ. 2024ರ ಫೆಬ್ರವರಿಯಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿರುವ ಸಂತ ಜೆರೋಸಾ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ತರಗತಿಯಲ್ಲಿ ಹಿಂದೂ ಧರ್ಮವನ್ನು ಅವಮಾನಿಸಿದರೆಂಬ ಆರೋಪ ಹುಟ್ಟಿಕೊಂಡಿತು. ಶಾಸಕರೂ ಸಂಘಟನೆಗಳೂ ಶಾಲೆಯ ಗೇಟಿಗೆ ಬಂದರು, ಮಕ್ಕಳ ಕಣ್ಣೆದುರೇ ಘೋಷಣೆಗಳು ಮೊಳಗಿದವು, ಶಿಕ್ಷಕಿಯನ್ನು ಕೆಲಸದಿಂದ ತೆಗೆಯಲಾಯಿತು. 2025ರ ಅಕ್ಟೋಬರಿನಲ್ಲಿ ಕೇರಳದ ಕೊಚ್ಚಿಯ ಪಳ್ಳುರುತ್ತಿಯಲ್ಲಿ ಕೆಥೋಲಿಕ್ ಆಡಳಿತದ ಶಾಲೆಯೊಂದರಲ್ಲಿ ಎಂಟನೆಯ ತರಗತಿಯ ಮುಸ್ಲಿಮ್ ಬಾಲಕಿಯ ಶಿರವಸ್ತ್ರ ವಿವಾದವಾಯಿತು. ಶಾಲೆಗೆ ಎರಡು ದಿನ ರಜೆ ಸಾರಲಾಯಿತು, ವಿಷಯ ಹೈಕೋರ್ಟನ್ನು ತಲುಪಿತು, ಮಂತ್ರಿಗಳೂ ಪಕ್ಷಗಳೂ ಹೇಳಿಕೆ ನೀಡಿದವು, ಕೊನೆಗೆ ಆ ಮಗು ಶಾಲೆಯನ್ನೇ ತೊರೆಯಬೇಕಾಯಿತು. ಒಂದರಲ್ಲಿ ಕೆಥೋಲಿಕ್ ಶಾಲೆ ಗುಂಪಿನ ಮುಂದೆ ನಿಸ್ಸಹಾಯಕವಾಗಿ ನಿಂತಿತ್ತು. ಇನ್ನೊಂದರಲ್ಲಿ ಅಂಥದೇ ಇನ್ನೊಂದು ಶಾಲೆಯ ನಿಯಮದ ಮುಂದೆ ಒಂದು ಮಗು ನಿಸ್ಸಹಾಯಕವಾಗಿ ನಿಂತಿತ್ತು. ಮಂಗಳೂರಿನಲ್ಲಿ ಆ ಭಗಿನಿಯರ ಅಳಲು ಕಂಡು ಮರುಗಿದ ನಾವು, ಕೊಚ್ಚಿಯಲ್ಲಿ ಆ ಮಗುವಿನ ಅಳಲಿಗೂ ಮರುಗಿದೆವು. ಒಂದು ತುಂಡು ಬಟ್ಟೆಗಾಗಿ ಒಂದು ಮಗುವನ್ನು ಕಳೆದುಕೊಳ್ಳುವುದು ಸೇವೆಯ ಪರಂಪರೆಗೆ ಶೋಭೆಯಲ್ಲವೆಂದು ಆ ಶಾಲೆಗಳ ಆಡಳಿತಗಾರರಿಗೆ ನಾವು ಸ್ನೇಹದಿಂದಲೇ ಹೇಳಬೇಕು. ಹಾಗೆಯೇ, ಶಾಲೆಯೊಂದಿಗಿನ ಭಿನ್ನಾಭಿಪ್ರಾಯವನ್ನು ಮೊದಲ ದಿನವೇ ಮೊಬೈಲಿಗೂ ಮಾಧ್ಯಮಕ್ಕೂ ಒಯ್ಯುವ ನಮ್ಮವರಿಗೂ ಹೇಳಬೇಕು. ಕ್ಯಾಮರಾ ಗೇಟಿನ ಬಳಿ ಬಂದ ಮೇಲೆ ಮಗುವಿನ ಹಿತ ಹಿತ್ತಲ ಬಾಗಿಲಿನಿಂದ ಹೊರಟುಹೋಗುತ್ತದೆ.

ಈ ಎರಡೂ ಕಡೆಗಳಲ್ಲಿ ಶಾಲೆ ಮತ್ತು ಮನೆಗಳ ನಡುವೆ ಮೊದಲೇ ಬಳಕೆಯಿದ್ದಿದ್ದರೆ ಮಾತು ಬೀದಿಗೆ ಬರುವುದು ಅಷ್ಟು ಸುಲಭವಾಗುತ್ತಿರಲಿಲ್ಲ ಎಂದು ನಾವು ನಂಬುತ್ತೇವೆ. ಬಳಕೆ ಜಗಳದ ದಿನ ಹುಟ್ಟುವುದಿಲ್ಲ. ಆದುದರಿಂದ ಕೆಲವು ಸಲಹೆಗಳನ್ನು ನಾವು ಓದುಗರ ಮುಂದಿಡುತ್ತೇವೆ.

ಮೊದಲನೆಯದು ಮಸೀದಿ ಕಮಿಟಿಗಳಿಗೆ. ನಿಮ್ಮ ಮೊಹಲ್ಲಾದ ಮಕ್ಕಳು ಓದುವ ಶಾಲೆಗಳ ಮುಖ್ಯಸ್ಥರನ್ನು ವರ್ಷಕ್ಕೊಮ್ಮೆಯಾದರೂ ಭೇಟಿಯಾಗಿ. ಪರೀಕ್ಷೆಯ ವೇಳಾಪಟ್ಟಿಯನ್ನು ಕೇಳಿ ಪಡೆದು ಆ ವಾರಗಳಲ್ಲಿ ಮಕ್ತಬಿನ ಹೊರೆಯನ್ನು ಇಳಿಸಿ. ಎಳೆಯ ಮಕ್ಕಳಿಗೆ ಬೆಳಗಿನ ಜಾವದ ಬದಲು ಸಂಜೆಯ ಒಂದು ತಾಸನ್ನೋ, ವಾರಾಂತ್ಯವನ್ನೋ ಇರಿಸುವುದು ಅಸಾಧ್ಯವೇನಲ್ಲ. ಮಕ್ತಬಿನಲ್ಲಿ ಬೆತ್ತವಿರಕೂಡದೆಂದು ಕಮಿಟಿಯು ನಿರ್ಣಯ ಮಾಡಿ ಗೋಡೆಗೆ ಅಂಟಿಸಲಿ. ಜೊತೆಗೆ ಹಜರತರಿಗೆ ಗೌರವದ ಸಂಬಳವನ್ನೂ ತರಬೇತಿಯನ್ನೂ ಕೊಡಿ. ಅಲ್ಪ ಸಂಬಳಕ್ಕೆ ಅರುವತ್ತು ಮಕ್ಕಳನ್ನು ಒಬ್ಬರಿಗೇ ಒಪ್ಪಿಸಿ, ತಾಳ್ಮೆಯನ್ನು ಮಾತ್ರ ಪುಕ್ಕಟೆಯಾಗಿ ನಿರೀಕ್ಷಿಸುವುದು ನ್ಯಾಯವಲ್ಲ.

ಎರಡನೆಯದು ಶಾಲೆಗಳಿಗೆ. ರಮಝಾನಿನಲ್ಲಿ ಹಟ ಹಿಡಿದು ಉಪವಾಸ ಹಿಡಿದ ಪುಟ್ಟ ಮಗುವನ್ನು ಬಿಸಿಲಿನ ಕವಾಯತಿನಿಂದ ಬಿಡಿ. ಅದರ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯಿರಿ. ಶುಲ್ಕದ ಮಾತನ್ನು ಪೋಷಕರೊಂದಿಗೆ ಆಡಿ, ಮಗುವಿನೊಂದಿಗೆ ಆಡಬೇಡಿ. ಕೀಟಲೆಗೆ ಗುರಿಯಾದ ಮಗುವಿಗೆ 'ಸಹಿಸಿಕೋ' ಎನ್ನುವ ಬದಲು ಕೀಟಲೆ ಮಾಡಿದವನಿಗೆ ತಿಳಿಹೇಳಿ. ಇವು ಯಾವುವೂ ಮುಸ್ಲಿಮರಿಗಾಗಿ ಕೇಳುವ ವಿಶೇಷ ರಿಯಾಯಿತಿಗಳಲ್ಲ. ನಿಮ್ಮದೇ ಮಾರ್ಗಸೂಚಿಯ ಆಶಯವಿದು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ನಮ್ಮ ಮನೆಗಳಿಗೆ. ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿ, ನಿಮ್ಮ ಮಗು ಕೊನೆಯ ಸಾಲಿನಲ್ಲಿ ಮರವಾಗಿ ನಿಂತಿದ್ದರೂ ಚಪ್ಪಾಳೆ ತಟ್ಟಿ. ಈದಿನ ದಿನ ಶಿಕ್ಷಕಿಯರಿಗೆ ಒಂದು ಡಬ್ಬಿ ಶೀರ್‌ಖುರ್ಮಾ ಕಳುಹಿಸಿ. ಕ್ರಿಸ್ಮಸ್ಸಿನಂದು ಅವರ ಕುಸ್ವಾರ್ ನಿಮ್ಮ ಮನೆಗೆ ಬಂದರೆ ಮಗುವಿನ ಮುಂದೆಯೇ ಸಂತೋಷದಿಂದ ಸ್ವೀಕರಿಸಿ. ಹಬ್ಬದ ಆರಾಧನೆ ಬೇರೆ, ನೆರೆಹೊರೆಯ ಬಾಂಧವ್ಯ ಬೇರೆ ಎಂಬ ಪಾಠವನ್ನು ಮಗು ಕಲಿಯುವುದು ಹೀಗೆಯೇ. ಪ್ರತಿ ರಾತ್ರಿ ಹತ್ತು ನಿಮಿಷ ಮೊಬೈಲನ್ನು ಬದಿಗಿಟ್ಟು, 'ಇವತ್ತು ಎಷ್ಟು ಅಂಕ ಬಂತು?' ಎಂಬುದರ ಬದಲು 'ಇವತ್ತು ಯಾವುದು ಖುಷಿಯಾಯಿತು, ಯಾವುದು ಬೇಜಾರಾಯಿತು?' ಎಂದು ಕೇಳಿ. ಉತ್ತರ ಏನೇ ಇರಲಿ, ಆ ಹತ್ತು ನಿಮಿಷ ಬೈಯದಿರಿ.

2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರು ಪಡೆದ ಈ ಜಿಲ್ಲೆಗೆ ಮಹಾನಗರ ದಿನದಿಂದ ದಿನಕ್ಕೆ ಹತ್ತಿರವಾಗುತ್ತಿದೆ. ಶಾಲೆಗಳು ಹೆಚ್ಚಲಿವೆ, ಶುಲ್ಕಗಳೂ ಹೆಚ್ಚಲಿವೆ, ಪೈಪೋಟಿಯೂ ಹೆಚ್ಚಲಿದೆ. ನಮ್ಮ ಸಮುದಾಯ ಶಾಲೆಗಳನ್ನು ಕಟ್ಟುವ ಕಾಲವೂ ಬಂದೇ ಬರುತ್ತದೆ, ಬರಲೇಬೇಕು. ಆದರೆ ಕಟ್ಟಡಕ್ಕೆ ಚಂದಾ ಎತ್ತುವ ಮುನ್ನ, ಗೇಟಿನ ಬಳಿ ನಿಂತು ಮಗುವನ್ನು ಹೆಸರು ಹಿಡಿದು ಕರೆಯುವ ಆ ಭಗಿನಿಯಿಂದ ಕಲಿಯಬೇಕಾದುದನ್ನು ನಾವು ಕಲಿತಿರಬೇಕು. ಇಲ್ಲವಾದರೆ ಕಾನ್ವೆಂಟ್ ಎಂಬ ಪದವನ್ನು ಎರವಲು ಪಡೆದವರ ಸಾಲಿನಲ್ಲಿ ನಾವೂ ಒಬ್ಬರಾಗುತ್ತೇವೆ, ಅಷ್ಟೆ.

ಸಂತಾನವು ಅಲ್ಲಾಹನ ಅಮಾನತ್ತು ಎಂದು ನಾವು ಪ್ರತಿ ನಿಕಾಹಿನ ಸಭೆಯಲ್ಲಿಯೂ ಕೇಳುತ್ತೇವೆ. ಅಮಾನತ್ತಿನ ಲೆಕ್ಕ ಒಪ್ಪಿಸಬೇಕಾದ ದಿನ, ಅದನ್ನು ಯಾವ ಶಾಲೆಗೆ ಸೇರಿಸಿದಿರೆಂಬ ಪ್ರಶ್ನೆಗಿಂತ ಮೊದಲು, ಅದು ಅಳುತ್ತಿದ್ದಾಗ ನೀವು ಎಲ್ಲಿದ್ದಿರೆಂಬ ಪ್ರಶ್ನೆ ಬರಬಹುದು. ಉತ್ತರವನ್ನು ಇಂದೇ, ಮಗು ಶಾಲೆಯಿಂದ ಮರಳುವ ಹೊತ್ತಿನಲ್ಲಿ ಬಾಗಿಲ ಬಳಿ ನಿಂತು, ಸಿದ್ಧಪಡಿಸಿಕೊಳ್ಳೋಣ.